ಉಬ್ಬಸವಿದ್ದವರು ಬದುಕಿದ್ದು ಹೇಗೆ?

ನ್ಯುಮೋನಿಯಾ ಬಂದವರಿಗೆ ಮೊದಲಿನಿಂದಲೂ ಉಬ್ಬಸವಿದ್ದರೆ ಸಾಯುವ ಸಂಭವ ಕಡಿಮೆ! ಯಾವ ವೈದ್ಯರಿಗೆ ಹೇಳಿದರೂ ತಲೆಯಾಡಿಸಿ ನಕ್ಕಾರು. ಆದರೆ 1990ರ ದಶಕದಲ್ಲಿ, ಅಮೆರಿಕದ ಪಿಟ್ಸ್‌ಬರ್ಗ್‌ನ ಸಂಶೋಧಕರಿಗೆ ಕಂಪ್ಯೂಟರ್ ಸಾವಿರಾರು ರೋಗಿಗಳ ದಾಖಲೆ ಜಾಲಾಡಿ ಹೇಳಿದ್ದು ಇದನ್ನೇ.

ಸಂಶೋಧಕರ ಪ್ರಶ್ನೆ ಸರಳವಾಗಿತ್ತು: ನ್ಯುಮೋನಿಯಾ ರೋಗಿಗಳಲ್ಲಿ ಯಾರನ್ನು ಆಸ್ಪತ್ರೆಗೆ ಸೇರಿಸಬೇಕು, ಯಾರಿಗೆ ಮಾತ್ರೆ ಕೊಟ್ಟು ಮನೆಗೆ ಕಳಿಸಬಹುದು? ಕಂಪ್ಯೂಟರಿನ ಯಂತ್ರಕಲಿಕೆ (ಮಷೀನ್ ಲರ್ನಿಂಗ್) ಇಂಥಲ್ಲಿ ಮಾಡುವುದು ಒಂದು ಬಗೆಯ ಲೆಕ್ಕ. ಹಳೆಯ ರೋಗಿಗಳ ವಯಸ್ಸು, ರಕ್ತದೊತ್ತಡ, ರಕ್ತಪರೀಕ್ಷೆ, ಕೊನೆಗೆ ಅವರು ಉಳಿದರೋ ಇಲ್ಲವೋ ಎಂಬುದನ್ನೆಲ್ಲ ಅದಕ್ಕೆ ಉಣಿಸುತ್ತಾರೆ. ಯಾವುದರ ಜೊತೆ ಯಾವುದು ಬಂದರೆ ಅಪಾಯ ಎಂಬುದನ್ನು ಅದೇ ಹುಡುಕಿಕೊಂಡು, ಹೊಸ ರೋಗಿಗೊಂದು ಅಂಕಿ ಕೊಡುತ್ತದೆ.

ಉಬ್ಬಸದ ವಿಚಾರದಲ್ಲಿ ಕಂಪ್ಯೂಟರ್ ಲೆಕ್ಕ ತಪ್ಪಿರಲಿಲ್ಲ. ಉಬ್ಬಸವಿದ್ದವರು ನಿಜಕ್ಕೂ ಕಡಿಮೆ ಸತ್ತಿದ್ದರು. ಅಂಥವರಿಗೆ ನ್ಯುಮೋನಿಯಾ ಎಂದು ಗೊತ್ತಾದೊಡನೆ ವೈದ್ಯರು ಗಾಬರಿಬಿದ್ದು ನೇರ ಐಸಿಯುಗೆ ಸೇರಿಸುತ್ತಿದ್ದರು. ಅವರನ್ನು ಉಳಿಸಿದ್ದು ಉಬ್ಬಸವಲ್ಲ, ಆ ಗಾಬರಿ. ಇದೇ ಲೆಕ್ಕ ನಂಬಿ ಮುಂದೆ ಅವರನ್ನು ಮನೆಗೆ ಕಳಿಸಿದ್ದರೆ?

ಆ ತಂಡದಲ್ಲಿದ್ದ ರಿಚ್ ಕರುವಾನಾ ಕಟ್ಟಿದ್ದ, ನ್ಯೂರಲ್ ನೆಟ್‌ವರ್ಕ್ ಎಂಬ ಬಗೆಯ ಯಂತ್ರಕಲಿಕೆಯ ಮಾದರಿ ಎಲ್ಲಕ್ಕಿಂತ ನಿಖರವಾಗಿತ್ತು. ಅದರ ಒಳಗೇನಿದೆ ಎಂದು ಮಾತ್ರ ಯಾರಿಗೂ ಕಾಣುತ್ತಿರಲಿಲ್ಲ. ಉಬ್ಬಸದ ಸೂತ್ರ ಬಯಲಾದದ್ದು ಅದೇ ದಾಖಲೆಗಳಿಂದ ಕಲಿತ, ಓದಲು ಬರುವ ಇನ್ನೊಂದು ಪ್ರೋಗ್ರಾಮಿನಲ್ಲಿ. ನೆಟ್‌ವರ್ಕಿನೊಳಗೆ ಇಂಥ ಸೂತ್ರಗಳು ಇನ್ನೆಷ್ಟು ಅಡಗಿವೆಯೋ ಎಂದು ಅಂಜಿ, ಅದನ್ನು ರೋಗಿಗಳ ಹತ್ತಿರ ತರದೆ ಕೈಬಿಟ್ಟರು.

ಯಂತ್ರಕ್ಕೆ ಕಲಿಸುವ ಪಾಠವನ್ನು ಚೊಕ್ಕ ಮಾಡಿಕೊಂಡದ್ದೂ ಉಂಟು. ಸಕ್ಕರೆ ಕಾಯಿಲೆಯಿಂದ ಕಣ್ಣಿನ ರೆಟಿನಾ ಕೆಡುವುದನ್ನು ಗುರುತಿಸುವ ಗೂಗಲ್ ಸಂಶೋಧಕರ ವ್ಯವಸ್ಥೆಯ ವರದಿ 2016ರಲ್ಲಿ ಪ್ರಕಟವಾಯಿತು. ಅದು ಕಲಿತದ್ದು 1,28,175 ಚಿತ್ರಗಳಿಂದ. ಅಮೆರಿಕದ ಚಿತ್ರಗಳ ಜೊತೆಗೆ ಭಾರತದ ಅರವಿಂದ ಕಣ್ಣಿನ ಆಸ್ಪತ್ರೆ, ಶಂಕರ ನೇತ್ರಾಲಯ ಮತ್ತು ಬೆಂಗಳೂರಿನ ನಾರಾಯಣ ನೇತ್ರಾಲಯದವೂ ಇದ್ದವು. ಒಂದೊಂದು ಚಿತ್ರವನ್ನೂ ಮೂರರಿಂದ ಏಳು ಬಾರಿ ಕಣ್ಣಿನ ವೈದ್ಯರು ನೋಡಿ ದರ್ಜೆ ಹಾಕಿದ್ದರು.

ಪಾಠವೇ ತಪ್ಪಿದ್ದಕ್ಕೂ ಉದಾಹರಣೆಯಿದೆ. ಅಮೆರಿಕದಲ್ಲಿ ಹೆಚ್ಚಿನ ಆರೈಕೆ ಯಾರಿಗೆ ಬೇಕೆಂದು ಆರಿಸುತ್ತಿದ್ದ ಒಂದು ಉಪಕರಣ, ಕಾಯಿಲೆಯ ಬದಲು ಚಿಕಿತ್ಸೆಯ ಖರ್ಚನ್ನು ಅಳೆಯುತ್ತಿತ್ತು. ಬಿಳಿಯರಷ್ಟೇ ಕಾಯಿಲೆಯಿದ್ದರೂ ಕಪ್ಪುಜನರ ಮೇಲೆ ಆಗುತ್ತಿದ್ದ ಖರ್ಚು ಕಡಿಮೆ, ಹಾಗಾಗಿ ಅವರು ಗಟ್ಟಿಮುಟ್ಟಾದವರಂತೆ ತೋರುತ್ತಿದ್ದರು. ಈ ಕೊರತೆ ನೀಗಿದರೆ ಆಯ್ಕೆಯಾಗುವವರಲ್ಲಿ ಕಪ್ಪುಜನರ ಪಾಲು ಶೇ. 17.7ರಿಂದ 46.5ಕ್ಕೆ ಏರುತ್ತದೆಂದು 2019ರಲ್ಲಿ ಝಿಯಾದ್ ಒಬರ್ಮೇಯರ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದರು.

ಕರುವಾನಾ 2015ರಲ್ಲಿ ಸಂಗಡಿಗರೊಂದಿಗೆ ಮತ್ತೆ ನ್ಯುಮೋನಿಯಾಕ್ಕೇ ಕೈಹಾಕಿದರು. ದಾಖಲೆ 14,199 ರೋಗಿಗಳ ಅದೇ ಹಳೆಯದು. ಹೊಸ ಮಾದರಿ ವಯಸ್ಸಿಗೊಂದು, ಉಬ್ಬಸಕ್ಕೊಂದು ಎಂದು ಒಂದೊಂದು ಅಂಶಕ್ಕೂ ಬೇರೆ ಬೇರೆ ನಕ್ಷೆ ಬಿಡಿಸುತ್ತಿತ್ತು. ಹಳೆಯ ಎಡವಟ್ಟು ಅಲ್ಲಿಯೂ ಇತ್ತು. ಆದರೆ ಈಗ ಅದು ಕಣ್ಣಿಗೆ ಕಾಣುತ್ತಿತ್ತು. ಉಬ್ಬಸದ ಗೆರೆ ಎಲ್ಲಿ ಕೆಳಗಿಳಿದಿದೆಯೆಂದು ವೈದ್ಯರು ಬೆರಳಿಟ್ಟು ತೋರಿಸಿ, ಅದನ್ನು ಅಳಿಸಬಹುದಿತ್ತು, ಇಲ್ಲವೇ ತಿದ್ದಿ ಬರೆಯಬಹುದಿತ್ತು.