ಮತ ಎಂಬ ಮಾತಿಗೆ ಎರಡು ಅರ್ಥ

(ರಾಣೇಬೆನ್ನೂರು ಮತ್ತು ಬ್ಯಾಡಗಿಯ ಸಭೆಗಳ ತರುವಾಯ ಹಾವೇರಿಯಲ್ಲಿ ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಸ್ಥರ ಮುಂದೆ ಮಾಡಿದ ಭಾಷಣದ ಬರಹ)



ರಾಣೇಬೆನ್ನೂರಿನ ಸಭೆ ಮುಗಿದ ಮೇಲೆ ಜಿನ್ನಿಂಗ್ ಗಿರಣಿಯ ಹಿರಿಯ ಕಾರ್ಮಿಕರೊಬ್ಬರು ನಮ್ಮನ್ನು ನಿಲ್ಲಿಸಿ ಕೇಳಿದರು: “ಮಾಸ್ತರ, ಅರಬ್ ದೇಶದಾಗ ಜನ ಎದ್ದು ಆಳೋರನ್ನ ಓಡಿಸಿದ್ರು ಅಂದ್ರಿ. ಓಡಿಸಿದ ಮ್ಯಾಲೆ ಅವರಿಗೆ ಸಿಕ್ಕಿದ್ದೇನ್ರಿ?” ನಾವು ಉತ್ತರ ಕೊಡುವ ಮೊದಲೇ ಪಕ್ಕದಲ್ಲಿದ್ದ ಇನ್ನೊಬ್ಬರು, “ಅದು ಸಾಬರ ದೇಶ ಬಿಡ್ರಿ, ಅಲ್ಲಿ ಪ್ರಜಾರಾಜ್ಯ ಹತ್ತೂದಿಲ್ಲ” ಎಂದುಬಿಟ್ಟರು. ಮೊದಲನೆಯವರ ಪ್ರಶ್ನೆ ದೊಡ್ಡದು. ಎರಡನೆಯವರ ಉತ್ತರ ತಪ್ಪು. ಇವತ್ತು ಅದೇ ಪ್ರಶ್ನೆಗೆ ಸಮಾಧಾನವಾಗಿ ಉತ್ತರ ಕೊಡೋಣ ಎಂದು ನಿಂತಿದ್ದೇವೆ.

ಕನ್ನಡದಲ್ಲಿ ಮತ ಎಂಬ ಮಾತಿಗೆ ಎರಡು ಅರ್ಥಗಳಿವೆ. ಮತ ಎಂದರೆ ಧರ್ಮ. ಮತ ಎಂದರೆ ಓಟು. ಶಬ್ದ ಒಂದೇ ಆದರೂ ಪೆಟ್ಟಿಗೆ ಬೇರೆ ಬೇರೆ. ಒಂದು ಗುಡಿಯ ಹುಂಡಿ, ಇನ್ನೊಂದು ಚುನಾವಣೆಯ ಪೆಟ್ಟಿಗೆ. ಈಗ ಪೆಟ್ಟಿಗೆ ಹೋಗಿ ಯಂತ್ರ ಬಂದಿದೆ. ಮಾತು ಮಾತ್ರ ಹಾಗೆಯೇ ಉಳಿದಿದೆ. ಈ ಎರಡರ ಬೀಗದ ಕೈ ಒಬ್ಬನ ಉಡಿದಾರಕ್ಕೇ ಕಟ್ಟಿಕೊಂಡರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಅರಬಸ್ಥಾನದವರೆಗೆ ಹೋಗಬೇಕಾಗಿಲ್ಲ. ಮೊದಲು ನಮ್ಮ ಹೊಸರಿತ್ತಿಗೆ ಹೋಗೋಣ.

1943ರ ಏಪ್ರಿಲ್ 1. ನಮ್ಮ ಸೀಮೆ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ರೈತರಿಂದ ವಸೂಲು ಮಾಡಿದ ಕಂದಾಯವನ್ನು ಆಂಗ್ಲ ಸರಕಾರ ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿಟ್ಟು ಪೊಲೀಸರ ಕಾವಲು ಹಾಕಿತ್ತು. ಆ ಹಣವನ್ನು ಕಿತ್ತುಕೊಳ್ಳಲು ಹೋದವರ ಮುಂದಾಳು ಬ್ಯಾಡಗಿ ತಾಲೂಕು ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು. 1930ರಲ್ಲಿ ಗಾಂಧೀಜಿಯವರ ಜೊತೆ ದಂಡಿಗೆ ನಡೆದವರು. ಗುಂಡು ಹಾರಿತು. ಮಹದೇವಪ್ಪನವರೂ, ಜೊತೆಯಲ್ಲಿದ್ದ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರೂ ಪ್ರಾಣ ಕೊಟ್ಟರು.

ಗುಡಿಗೆ ನುಗ್ಗಿದವರನ್ನು ದೇವರ ವಿರೋಧಿಗಳೆಂದು ಊರಿನವರು ಕರೆದರೇ? ಇಲ್ಲ, ಹುತಾತ್ಮರೆಂದು ಕರೆದರು. ಗುಡಿಯಲ್ಲಿ ದೇವರಿರುವುದು ಬೇರೆ, ಸರಕಾರದ ಪೆಟ್ಟಿಗೆಯಿರುವುದು ಬೇರೆ ಎಂಬುದು ಓದು ಬಾರದ ರೈತನಿಗೂ ತಿಳಿದಿತ್ತು. ದೇವರ ನೆರಳಿನಲ್ಲಿ ಕುಳಿತ ಮಾತ್ರಕ್ಕೆ ಕಂದಾಯ ಪ್ರಸಾದವಾಗಲಿಲ್ಲ.

ಇನ್ನು ಹೋರಾಟ ಗೆದ್ದ ಮೇಲಿನ ಮಾತು. ಜನ ಎದ್ದು ಆಳುವವರನ್ನು ಓಡಿಸಿದ ಮೇಲೆ ಕಾಯಿದೆ ಬರೆಯುವ ಹೊತ್ತು ಬರುತ್ತದೆ. ಆ ಹೊತ್ತು ನಮ್ಮ ದೇಶಕ್ಕೂ ಬಂತು. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ಪೀಠಿಕೆಯ ಚರ್ಚೆ. ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತರು ಎದ್ದು ನಿಂತು, ಪೀಠಿಕೆ ‘ದೇವರ ಹೆಸರಿನಲ್ಲಿ’ ಎಂದು ಆರಂಭವಾಗಬೇಕೆಂದು ತಿದ್ದುಪಡಿ ತಂದರು. ಕಾಮತರೇನು ಸಣ್ಣ ಮನುಷ್ಯರಲ್ಲ. ಐ.ಸಿ.ಎಸ್. ನೌಕರಿಗೆ ರಾಜೀನಾಮೆ ಕೊಟ್ಟು ಸುಭಾಷರ ಪಕ್ಷ ಸೇರಿದವರು, ಮುಂದೆ ಸಮಾಜವಾದಿಗಳ ಸಾಲಿನಲ್ಲಿ ನಿಂತವರು. ಅವರ ಭಕ್ತಿಯಲ್ಲಿ ಕಪಟವಿರಲಿಲ್ಲ. ಆದರೆ ಹೃದಯನಾಥ ಕುಂಜ್ರು ಅವರು, ಎಲ್ಲರ ಶ್ರದ್ಧೆಗೂ ಸ್ವಾತಂತ್ರ್ಯ ಕೊಡುತ್ತೇವೆಂಬ ಪೀಠಿಕೆಯಲ್ಲಿಯೇ ಒಂದು ಶ್ರದ್ಧೆಯನ್ನು ಎಲ್ಲರ ಮೇಲೆ ಹೇರಿದಂತಾಗುವುದೆಂದು ವಿರೋಧಿಸಿದರು. ದೇವರನ್ನು ಓಟಿಗೆ ಹಾಕುವ ಪ್ರಸಂಗ ತರಬೇಡಿರೆಂದು ಪೂರ್ಣಿಮಾ ಬ್ಯಾನರ್ಜಿಯವರು ಬೇಡಿಕೊಂಡರು. ಕಾಮತರು ಪಟ್ಟು ಬಿಡಲಿಲ್ಲ. ಎಣಿಕೆ ನಡೆಯಿತು: ಪರ 41, ವಿರುದ್ಧ 68. ತಿದ್ದುಪಡಿ ಬಿತ್ತು.

ಹಾಗಾದರೆ ಆ 68 ಮಂದಿ ನಾಸ್ತಿಕರೇ? ಬಹುಪಾಲು ದೈವಭಕ್ತರೇ ಇದ್ದ ಸಭೆ ಅದು. ಅದೇ ಸಂವಿಧಾನದಲ್ಲಿ ಶಾಸಕರೂ ಮಂತ್ರಿಗಳೂ ಪ್ರಮಾಣ ಮಾಡುವಾಗ ಬೇಕಾದವರು ದೇವರ ಹೆಸರು ಹೇಳಬಹುದು, ಬೇಡವಾದವರು ನಿಷ್ಠೆಯಿಂದ ದೃಢೀಕರಿಸುತ್ತೇನೆ ಎನ್ನಬಹುದು ಎಂದು ಎರಡೂ ದಾರಿಗಳನ್ನಿಟ್ಟರು. ದೇವರನ್ನು ಯಾರಿಂದಲೂ ಕಸಿದುಕೊಳ್ಳಲಿಲ್ಲ, ಯಾರ ತಲೆಯ ಮೇಲೂ ಹೊರಿಸಲಿಲ್ಲ.

ಈಗ ಅರಬ್ ದೇಶಗಳಿಗೆ ಬರೋಣ. ಅಲ್ಲಿಯ ಕಿಚ್ಚು ಹೊತ್ತಿದ್ದು ಧರ್ಮದಿಂದಲ್ಲ, ತಕ್ಕಡಿಯಿಂದ. ಟ್ಯುನೀಶಿಯಾದ ಸಿದಿ ಬೂಜಿದ್ ಎಂಬ ಊರಿನಲ್ಲಿ ತಳ್ಳುಗಾಡಿಯ ಮೇಲೆ ಹಣ್ಣು ತರಕಾರಿ ಮಾರುತ್ತಿದ್ದ ಮೊಹಮ್ಮದ್ ಬೂಅಜೀಜಿ ಎಂಬ ತರುಣನ ಸರಕನ್ನೂ ತಕ್ಕಡಿಯನ್ನೂ ಅಧಿಕಾರಿಗಳು ಕಸಿದುಕೊಂಡರು. ದೂರು ಕೇಳುವವರಿರಲಿಲ್ಲ. 2010ರ ಡಿಸೆಂಬರ್ 17ರಂದು ಆತ ಮೈಗೆ ಬೆಂಕಿ ಹಚ್ಚಿಕೊಂಡ. ಜನವರಿ 4ರಂದು ತೀರಿಕೊಂಡ. ಹತ್ತು ದಿನಗಳಲ್ಲಿ, ಜನವರಿ 14ರಂದು, 23 ವರ್ಷ ಆಳಿದ ಬೆನ್ ಅಲಿ ದೇಶ ಬಿಟ್ಟು ಓಡಿದ. ಸಂತೆಯ ದಿನ ಗಾಡಿ ಹಚ್ಚಲು ಯಾರ ಯಾರ ಕೈ ಬಿಸಿ ಮಾಡಬೇಕಾಗುತ್ತದೆ ಎಂಬುದನ್ನು ಇಲ್ಲಿ ಕುಳಿತಿರುವ ವ್ಯಾಪಾರಸ್ಥರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಈಜಿಪ್ತಿನಲ್ಲಿ ದಾರಿ ತೋರಿದವರು ಗಿರಣಿಯವರು. ಮಹಲ್ಲಾ ಎಂಬ ಊರಿನ ದೊಡ್ಡ ಬಟ್ಟೆ ಗಿರಣಿಯಲ್ಲಿ 2006ರ ಡಿಸೆಂಬರಿನಲ್ಲಿ 20,000ಕ್ಕೂ ಹೆಚ್ಚು ಕಾರ್ಮಿಕರು ಮುಷ್ಕರ ಹೂಡಿದರು. ಮೊದಲು ಕೆಲಸ ನಿಲ್ಲಿಸಿ ಹೊರಬಿದ್ದವರು ಹೆಣ್ಣುಮಕ್ಕಳು. ಆ ಧೈರ್ಯ ಬೆಳೆದು ಬೆಳೆದು 2011ರ ಫೆಬ್ರುವರಿ 11ರಂದು ಮುಬಾರಕ್ ಇಳಿದ. 2012ರ ಜೂನಿನಲ್ಲಿ ಚುನಾವಣೆ ನಡೆದು, ಧರ್ಮದ ಹೆಸರಿನಲ್ಲಿ ಕಟ್ಟಿದ ಮುಸ್ಲಿಂ ಬ್ರದರ್‌ಹುಡ್ ಸಂಘದ ಮೊರ್ಸಿ ಅಧ್ಯಕ್ಷನಾಗಿ ಗೆದ್ದ. ನ್ಯಾಯವಾಗಿಯೇ ಗೆದ್ದ. ತಪ್ಪಿದ್ದು ಅಲ್ಲಿಂದ ಮುಂದೆ. ಅದೇ ನವೆಂಬರಿನಲ್ಲಿ, ತನ್ನ ಆಜ್ಞೆಗಳನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಕೂಡದೆಂದು ಫರ್ಮಾನು ಹೊರಡಿಸಿದ. ಸಂವಿಧಾನ ಬರೆಯುವ ಸಭೆಯಿಂದ ಉದಾರವಾದಿಗಳೂ ಕ್ರೈಸ್ತರೂ ಎದ್ದು ಹೊರಟರು. ಉಳಿದವರೇ ಬರೆದು ಮುಗಿಸಿದರು. ಡಿಸೆಂಬರಿನಲ್ಲಿ ಅದನ್ನು ಜನಮತಕ್ಕೆ ಹಾಕಿದಾಗ ಮತಗಟ್ಟೆಗೆ ಬಂದವರು ಮೂವರಲ್ಲಿ ಒಬ್ಬರು ಮಾತ್ರ.

ಮುಂದೆ ಬೀದಿಯಲ್ಲಿ ಸಿಟ್ಟು ತುಂಬಿತು. ಸೈನ್ಯ ಅದಕ್ಕಾಗಿಯೇ ಕಾದಿತ್ತು. 2013ರ ಜುಲೈ 3ರಂದು ಸೇನಾಪತಿ ಸಿಸಿ ಮೊರ್ಸಿಯನ್ನು ಕಿತ್ತು ಹಾಕಿದ. ಆ ಘೋಷಣೆ ಮಾಡುವಾಗ ಅಲ್-ಅಜ್ಹರ್ ಪೀಠದ ಮುಖ್ಯಸ್ಥರೂ ಕಾಪ್ಟಿಕ್ ಕ್ರೈಸ್ತರ ಧರ್ಮಗುರುಗಳೂ ವೇದಿಕೆಯಲ್ಲಿದ್ದರು. ಆಗಸ್ಟ್ 14ರಂದು ರಾಬಾ ಚೌಕದಲ್ಲಿ ಕುಳಿತಿದ್ದ ಮೊರ್ಸಿ ಬೆಂಬಲಿಗರ ಮೇಲೆ ಗುಂಡಿನ ಮಳೆ. 800ಕ್ಕೂ ಹೆಚ್ಚು ಜನ ಸತ್ತರೆಂದು ಮಾನವ ಹಕ್ಕುಗಳ ಸಂಘಟನೆ ಲೆಕ್ಕ ಹಾಕಿತು. ಇದನ್ನು ಗಮನಿಸಿರಿ: ದೇವರ ಹೆಸರು ಹೇಳಿ ಪ್ರಶ್ನೆಯನ್ನು ಮುಚ್ಚಿದವನೊಬ್ಬ, ಅವನಿಂದ ದೇಶವನ್ನು ಕಾಯುತ್ತೇನೆಂದು ಬಾಯನ್ನೇ ಮುಚ್ಚಿಸಿದವನು ಇನ್ನೊಬ್ಬ. ಇಬ್ಬರ ನಡುವೆ ಮಹಲ್ಲಾದ ಗಿರಣಿಯವನು ಮತ್ತೆ ಮೂಕನಾದ.

ಟ್ಯುನೀಶಿಯಾ ಬೇರೆ ದಾರಿ ಹಿಡಿಯಿತು. ಅಲ್ಲಿಯೂ 2011ರ ಚುನಾವಣೆಯಲ್ಲಿ ಧಾರ್ಮಿಕ ಪಕ್ಷವಾದ ಎನ್ನಹ್ದಾ ಮುಂದೆ ಬಂತು. ಆದರೆ ಷರಿಯತ್ ಎಂಬ ಶಬ್ದವನ್ನು ಸಂವಿಧಾನದಲ್ಲಿ ಸೇರಿಸುವ ಹಟವನ್ನು 2012ರಲ್ಲಿಯೇ ಕೈಬಿಟ್ಟಿತು. 2013ರಲ್ಲಿ ಎಡಪಂಥದ ಇಬ್ಬರು ನಾಯಕರ ಕೊಲೆಯಾಗಿ ದೇಶ ಒಡೆಯುವ ಸ್ಥಿತಿ ಬಂದಾಗ ನಡುವೆ ನಿಂತವರು ಯಾರು? 1946ರಲ್ಲಿ ಹುಟ್ಟಿದ ಕಾರ್ಮಿಕರ ಮಹಾಸಂಘ. ಅದರ ಜೊತೆಗೆ ಉದ್ಯಮ ವ್ಯಾಪಾರಗಳವರ ಸಂಘ, ವಕೀಲರ ಸಂಘ, ಮಾನವ ಹಕ್ಕುಗಳ ಒಕ್ಕೂಟ. ಕೂಲಿಗಾಗಿ ಬೆಳಗಿನಿಂದ ಸಂಜೆಯವರೆಗೆ ಜಗಳಾಡುವ ಕಾರ್ಮಿಕ ಸಂಘವೂ ಧಣಿಗಳ ಸಂಘವೂ ಒಂದೇ ಮೇಜಿಗೆ ಕುಳಿತು ಪಕ್ಷಗಳನ್ನು ಮಾತಿಗೆ ಕರೆದವು. 2014ರ ಜನವರಿ 26ರಂದು, ನಮ್ಮ ಗಣರಾಜ್ಯದ ದಿನವೇ, 216 ಸದಸ್ಯರಲ್ಲಿ 200 ಜನ ಹೊಸ ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟರು. ಅಂತಃಕರಣದ ಸ್ವಾತಂತ್ರ್ಯವನ್ನು ಅದರಲ್ಲಿ ಬರೆದರು. ಇನ್ನೊಬ್ಬನನ್ನು ಧರ್ಮಭ್ರಷ್ಟನೆಂದು ಸಾರುವುದನ್ನು ನಿಷೇಧಿಸಿದರು. ಆ ನಾಲ್ಕು ಸಂಸ್ಥೆಗಳಿಗೆ 2015ರ ನೊಬೆಲ್ ಶಾಂತಿ ಪಾರಿತೋಷಕ ಬಂತು. ಸಾಬರ ದೇಶದಲ್ಲಿ ಪ್ರಜಾರಾಜ್ಯ ಹತ್ತುವುದಿಲ್ಲ ಎಂದವರಿಗೆ ಇದೇ ಉತ್ತರ.

ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಸಂವಿಧಾನ ಬಂತು, ಉದ್ಯೋಗ ಬರಲಿಲ್ಲ. ಮಂತ್ರಿಮಂಡಲಗಳು ಬಂದವು ಹೋದವು. ರೊಟ್ಟಿಯ ಬೆಲೆ ಏರುತ್ತಲೇ ಹೋಯಿತು. ಬೇಸತ್ತ ಜನ, 2021ರ ಜುಲೈ 25ರಂದು ಅಧ್ಯಕ್ಷ ಸೈಯದ್ ಪಾರ್ಲಿಮೆಂಟಿಗೆ ಬೀಗ ಹಾಕಿದಾಗ ಬೀದಿಗಿಳಿದು ಹರ್ಷಪಟ್ಟರು. ಮರುವರ್ಷ ಆತ ತನಗೆ ಬೇಕಾದ ಸಂವಿಧಾನವನ್ನು ತಾನೇ ಬರೆಯಿಸಿ ಜಾರಿಗೆ ತಂದ. ಈಗ ಎನ್ನಹ್ದಾದವರಲ್ಲಿಯೂ ಅವರ ವಿರೋಧಿಗಳಲ್ಲಿಯೂ ಎಷ್ಟೋ ಜನ ಒಂದೇ ಸೆರೆಮನೆಯ ಅನ್ನ ಉಂಡವರು. ಹೊಟ್ಟೆಯ ಪ್ರಶ್ನೆಯನ್ನು ಮರೆತ ಪ್ರಜಾರಾಜ್ಯಕ್ಕೆ ಕಾವಲುಗಾರರೇ ಉಳಿಯುವುದಿಲ್ಲ.

ಇಷ್ಟು ತಿಳಿದುಕೊಂಡು ನಮ್ಮ ಜಿಲ್ಲೆಗೆ ಮರಳೋಣ. ಕಾರಡಗಿಯವರಾದ ಎಸ್. ಆರ್. ಬೊಮ್ಮಾಯಿಯವರ ಸರಕಾರವನ್ನು 1989ರ ಏಪ್ರಿಲ್‌ನಲ್ಲಿ ವಜಾ ಮಾಡಿದರು. ಅವರು ನ್ಯಾಯಾಲಯದ ಮೆಟ್ಟಿಲೇರಿದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ಬಹುಮತ ಯಾರಿಗಿದೆ ಎಂಬುದನ್ನು ಎಣಿಸಬೇಕಾದದ್ದು ಶಾಸನ ಸಭೆಯಲ್ಲಿ, ರಾಜ್ಯಪಾಲರ ಕೋಣೆಯಲ್ಲಲ್ಲ ಎಂಬುದು ಒಂದು ಮಾತು. ಸರಕಾರಕ್ಕೆ ಸ್ವಂತ ಧರ್ಮವಿರಕೂಡದು, ಧರ್ಮನಿರಪೇಕ್ಷತೆ ಸಂವಿಧಾನದ ಬುನಾದಿ ಎಂಬುದು ಇನ್ನೊಂದು ಮಾತು. ಮತದ ಎರಡು ಅರ್ಥಗಳೂ ನಮ್ಮ ಜಿಲ್ಲೆಯ ಒಬ್ಬರ ಹೆಸರಿನ ತೀರ್ಪಿನಲ್ಲಿಯೇ ಸೇರಿಕೊಂಡಿವೆ. ಧರ್ಮದ ಹೆಸರಿನಲ್ಲಿ ಓಟು ಕೇಳುವುದು ಭ್ರಷ್ಟಾಚಾರವೆಂದು 1951ರ ಪ್ರಜಾಪ್ರತಿನಿಧಿ ಕಾಯಿದೆಯೂ ಹೇಳುತ್ತದೆ.

ಕಾಯಿದೆ ಹೇಳುತ್ತದೆ. ನಾವು ಏನು ಮಾಡುತ್ತೇವೆ? ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಸಂಘವೊಂದರ ಚುನಾವಣೆ. ನಾವು ಆಗಷ್ಟೇ ಮಾಸ್ತರಿಕೆ ಬಿಟ್ಟು ಈ ಕೆಲಸಕ್ಕೆ ಇಳಿದಿದ್ದೆವು. ಎದುರು ಪಕ್ಷದವರು ದುಡ್ಡು ಹಂಚುತ್ತಾರೆಂದು ಸುದ್ದಿ ಬಂತು. ನಮ್ಮಲ್ಲಿ ದುಡ್ಡಿರಲಿಲ್ಲ. ದೇವರಗುಡ್ಡದಿಂದ ಭಂಡಾರ ತಂದು ನಮ್ಮ ಕಡೆಯವರ ಅಂಗೈಗೆ ಹಾಕಿ ಆಣೆ ಮಾಡಿಸಿದೆವು. ಗೆದ್ದೆವು. ಮೂರು ತಿಂಗಳಿಗೆ ಕೂಲಿಯ ಒಪ್ಪಂದ ಬಂತು. ನಾವು ಆರಿಸಿದ ಮುಖಂಡನೇ ಅದರಲ್ಲಿ ಸೋತು ಬಂದ. ಅವನನ್ನು ಕೇಳಿರಿ ಎಂದು ಒಬ್ಬ ಹಮಾಲರಿಗೆ ಹೇಳಿದೆವು. ಅವರು ತಲೆ ತಗ್ಗಿಸಿ, “ಹೆಂಗ ಕೇಳ್ಲಿ ಮಾಸ್ತರ, ಭಂಡಾರ ಮುಟ್ಟೀನ್ರಿ” ಎಂದರು. ಇನ್ನೊಂದು ಮಾತು ಇದಕ್ಕಿಂತ ಕೆಟ್ಟದ್ದು. ಸಂಘದಲ್ಲಿದ್ದ ಮುಸಲ್ಮಾನ ಸೋದರರು ಭಂಡಾರ ಹಿಡಿಯಲಿಲ್ಲ. ಹಿಡಿಯದವರು ಎದುರಿನವರೆಂದು ಉಳಿದವರು ಲೆಕ್ಕ ಹಾಕಿದರು. ಅವರೆಲ್ಲ ನಮಗೇ ಓಟು ಕೊಟ್ಟಿದ್ದರೆಂಬುದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಅವರು ಸಭೆಗೆ ಬರುವುದನ್ನೇ ಬಿಟ್ಟಿದ್ದರು.

ಮೊರ್ಸಿ ದೊಡ್ಡದಾಗಿ ಮಾಡಿದ ತಪ್ಪನ್ನೇ ನಾವು ಸಣ್ಣದಾಗಿ ಮಾಡಿದ್ದೆವು. ಪ್ರಶ್ನಿಸಲಾಗದ ಜಾಗದಲ್ಲಿ ನಮ್ಮ ಮನುಷ್ಯನನ್ನು ಕೂಡಿಸಿದ್ದೆವು.

ದೇವರಗುಡ್ಡದ ಕಾರಣಿಕವನ್ನು ನೀವೆಲ್ಲ ಕೇಳಿದ್ದೀರಿ. ಗೊರವಯ್ಯ ಬಿಲ್ಲನ್ನೇರಿ ಒಂದು ನುಡಿ ಹೇಳುತ್ತಾನೆ. ಕೆಳಗೆ ನಿಂತ ನಾವು ಮಳೆಗೋ ಬೆಳೆಗೋ ರಾಜಕೀಯಕ್ಕೋ ಎಂದು ಅರ್ಥ ಹಚ್ಚುತ್ತೇವೆ. ಹಚ್ಚಲಿ, ಅದು ಭಕ್ತಿ. ಆದರೆ ಕಾರಣಿಕದ ನುಡಿಗೆ ಯಾರೂ ತಿದ್ದುಪಡಿ ಸೂಚಿಸುವುದಿಲ್ಲ. ಕೂಲಿಯ ಒಪ್ಪಂದಕ್ಕೆ ಸೂಚಿಸಬೇಕು, ಮಾರುಕಟ್ಟೆಯ ನಿಯಮಕ್ಕೆ ಸೂಚಿಸಬೇಕು, ಸರಕಾರಕ್ಕಂತೂ ಸೂಚಿಸಲೇಬೇಕು. ತಪ್ಪಿದರೆ ಇಳಿಸಬೇಕು. ದೇವರನ್ನು ಓಟಿಗೆ ಹಾಕಬಾರದು. ಆಳುವವನನ್ನು ಓಟಿಗೆ ಹಾಕದೆ ಬಿಡಬಾರದು.

ಸಿಟ್ಟೊಂದೇ ಸಾಲದು ಎಂಬುದನ್ನೂ ಬ್ಯಾಡಗಿ ಕಲಿಸಿದೆ. 2024ರ ಮಾರ್ಚ್ 11ರಂದು ಮೆಣಸಿನಕಾಯಿಯ ದರ ಒಮ್ಮೆಲೇ ಬಿದ್ದಾಗ ರೈತರ ಸಿಟ್ಟು ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿಯಾಗಿ ಹತ್ತಿತು. ಬೆಂಕಿ ಆರಿತು, ದರ ಕಟ್ಟುವ ಮೇಜಿನ ಮುಂದೆ ಬೆಳೆದವನಿಗೂ, ಹೊತ್ತವನಿಗೂ, ತೊಟ್ಟು ಬಿಡಿಸುವ ಹೆಣ್ಣುಮಗಳಿಗೂ ಕುರ್ಚಿ ಬೇಕೆಂಬ ಪ್ರಶ್ನೆ ಆರಲಿಲ್ಲ. ಆ ಕುರ್ಚಿಯನ್ನು ಸಂಘ ಕೊಡಿಸೀತೇ ಹೊರತು ಬೆಂಕಿ ಕೊಡಿಸಲಾರದು.

ಮುಂದಿನ ತಿಂಗಳು ನಮ್ಮ ಸಂಘದ ಚುನಾವಣೆ ಇದೆ. ಎರಡು ಮಾತಿಗೆ ನಿಮ್ಮ ಒಪ್ಪಿಗೆ ಬೇಡುತ್ತೇವೆ. ಈ ಸಲ ಭಂಡಾರದ ಮೇಲಾಗಲಿ, ಕುರಾನಿನ ಮೇಲಾಗಲಿ, ಮಠದ ಪಾದುಕೆಯ ಮೇಲಾಗಲಿ ಯಾರೂ ಯಾರಿಂದಲೂ ಆಣೆ ಮಾಡಿಸಕೂಡದು, ಚೀಟಿ ಗುಪ್ತವಾಗಿರಬೇಕು. ಗೆದ್ದವನು ಮೂರು ತಿಂಗಳಿಗೊಮ್ಮೆ ಲೆಕ್ಕದ ಪುಸ್ತಕ ಹಿಡಿದು ಇದೇ ಕಟ್ಟೆಯ ಮೇಲೆ ನಿಲ್ಲಬೇಕು. ಯಾರು ಬೇಕಾದರೂ ಕೇಳಬೇಕು. ಅಂದು ಸಭೆ ಬಿಟ್ಟು ಹೋದ ಸೋದರರ ಮನೆಗಳಿಗೆ ನಾವೇ ಹೋಗಿ ಕರೆದು ಬಂದಿದ್ದೇವೆ. ಕೆಲವರು ಈ ದಿನ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರಿಗೆ ಮುಂದೆ ಜಾಗ ಬಿಡಿರಿ.