ಕೈಯ ಪರದೆಯ ತುಣುಕು ಚಿತ್ರಗಳು

(ನಮ್ಮ ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ಈ ವಾಚನಾಲಯಕ್ಕೆ ಬರುವವರಲ್ಲಿ ಅನೇಕರು ಪತ್ರಿಕೆ ಬಿಡಿಸುವ ಮೊದಲು ಮೊಬೈಲಿನ ಪರದೆಯನ್ನು ನೋಡುತ್ತಾರೆ. ಅದನ್ನು ದೂಷಿಸಲು ನಾವು ನಿಂತಿಲ್ಲ; ನಾವೂ ನೋಡುವವರೇ. ನೋಡಿದ್ದನ್ನು ತೂಗಿ ನೋಡುವುದು ಹೇಗೆಂಬುದಷ್ಟೇ ಇಂದಿನ ವಿಚಾರ.

ಚೀನಾ ದೇಶದಲ್ಲಿ 2016ರಲ್ಲಿ ‘ಡೌಯಿನ್’ ಹೊರಟಿತು. ಅದರ ಹೊರನಾಡಿನ ರೂಪವೇ ‘ಟಿಕ್‌ಟಾಕ್’. 2021ರಲ್ಲಿ ಡೌಯಿನ್ 14 ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ 40 ನಿಮಿಷವೆಂದು ಮಿತಿ ಹಾಕಿತು. ನಮ್ಮ ಸರ್ಕಾರವಾದರೋ 2020ರ ಜೂನ್ 29ರಂದು ಟಿಕ್‌ಟಾಕನ್ನೇ ನಿಷೇಧಿಸಿತು. ಅದೇ ವರ್ಷ ‘ರೀಲ್ಸ್’, ‘ಶಾರ್ಟ್ಸ್’ ಬಂದವು. ಒಂದು ಅಂಗಡಿ ಮುಚ್ಚಿತು, ಗಿರಾಕಿ ಪಕ್ಕದ ಅಂಗಡಿಗೆ ನಡೆದ. ಮಿತಿ ಹಾಕಬಹುದು, ಬಾಗಿಲು ಮುಚ್ಚಬಹುದು; ವಿವೇಕವನ್ನು ಮಾತ್ರ ನಾವೇ ಕಲಿಯಬೇಕು.

ಕಲಿಯದಿದ್ದರೆ ಏನಾಗುವುದೆಂಬುದನ್ನು 2018ರಲ್ಲಿ ಕಂಡೆವು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ಚಿತ್ರವೊಂದು ವಾಟ್ಸಾಪಿನಲ್ಲಿ ಹರಡಿತು. ಅದು ಕರಾಚಿಯಲ್ಲಿ ತಂದೆತಾಯಿಗಳ ಎಚ್ಚರಿಕೆಗೆಂದು ತಯಾರಾದುದು. ಕೊನೆಯಲ್ಲಿ ಮಗುವನ್ನು ಹಿಂದಕ್ಕೆ ತಂದು ಬಿಡುತ್ತಾರೆ. ಆ ಕೊನೆಯನ್ನೇ ಯಾರೋ ಕತ್ತರಿಸಿದ್ದರು. ಮಕ್ಕಳ ಕಳ್ಳರ ವದಂತಿ ಊರೂರಿಗೆ ಹಬ್ಬಿತು. ಮೇ ತಿಂಗಳಲ್ಲಿ, ಕುಲದೇವರ ಪೂಜೆಗೆಂದು ಇದೇ ಚೆನ್ನೈಯಿಂದ ಪೋಳೂರಿನ ಕಡೆಗೆ ಹೋದ ವೃದ್ಧೆಯೊಬ್ಬರು ಮಕ್ಕಳಿಗೆ ಮಿಠಾಯಿ ಕೊಟ್ಟರು. ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ತರುಣನೊಬ್ಬನಿಗೆ ಅದೇ ಗತಿ. ಅಲ್ಲಿಯೂ ಮೊದಲು ಮಕ್ಕಳಿಗೆ ಕೊಟ್ಟದ್ದು ಮಿಠಾಯಿಯೇ.

ಇದು ಕತ್ತರಿಸಿದ ಚಿತ್ರದ ಕಥೆಯಾಯಿತು. ಕತ್ತರಿಸದ, ನಿಜವಾದ ಚಿತ್ರವೂ ದಾರಿ ತಪ್ಪಿಸಬಲ್ಲದು. 2016ರ ಸೆಪ್ಟೆಂಬರಿನ ಕಾವೇರಿ ಗಲಭೆಯನ್ನು ಹೊರನಾಡ ಕನ್ನಡಿಗರಾದ ನಾವು ಮರೆಯುವಂತಿಲ್ಲ. ಬೆಂಗಳೂರಿನಲ್ಲಿ ತಮಿಳು ಯುವಕನೊಬ್ಬನನ್ನು ಹೊಡೆದ ಚಿತ್ರ ಇಲ್ಲಿಗೆ ಬಂತು. ರಾಮೇಶ್ವರದಲ್ಲಿ ಕರ್ನಾಟಕದ ಚಾಲಕನನ್ನು ಹೊಡೆದ ಚಿತ್ರ ಅಲ್ಲಿಗೆ ಹೋಯಿತು. 12ರಂದು ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ದಾಳಿಯಾಯಿತು. ಅದೇ ದಿನ ಬೆಂಗಳೂರಿನಲ್ಲಿ ಹತ್ತಾರು ಬಸ್ಸುಗಳು ಸುಟ್ಟವು. ಚಿತ್ರಗಳು ಸುಳ್ಳಲ್ಲ. ಆದರೆ ಹೊಡೆದವರು ನಾಲ್ಕಾರು ಮಂದಿ. ನೋಡಿದವರು ಇಡೀ ನಾಡೇ ಹೊಡೆಯಿತೆಂದು ಬಗೆದರು. ನೆರೆಯವನೊಡನೆ ಎಂದಿನಂತೆ ಕಾಫಿ ಕುಡಿದ ಲಕ್ಷಾಂತರ ಮಂದಿಯ ಚಿತ್ರವನ್ನು ಯಾರೂ ತೆಗೆಯಲಿಲ್ಲ.

ಗಿರಣಿಯ ಕಚೇರಿಯಲ್ಲಿ ನಾವು ಮೊತ್ತವನ್ನಷ್ಟೇ ನೋಡಿ ಚೀಟಿಗೆ ರುಜು ಹಾಕುವುದಿಲ್ಲ. ಯಾರು ಕೊಟ್ಟದ್ದು, ಯಾವ ತಾರೀಖು, ಹಿಂದಿನ ಬಾಕಿ ಎಷ್ಟು ಎಂದು ಕೇಳುತ್ತೇವೆ. ತುಣುಕು ಚಿತ್ರಕ್ಕೂ ಅದೇ ಲೆಕ್ಕ: ತೆಗೆದವರು ಯಾರು? ಎಲ್ಲಿ, ಎಂದು ತೆಗೆದದ್ದು? ಇದರ ಹಿಂದುಮುಂದು ಏನಿತ್ತು? ಉತ್ತರ ಸಿಗದಿದ್ದರೆ ಅದು ನಮ್ಮ ಕೈಯಲ್ಲೇ ನಿಲ್ಲಲಿ. 2018ರಲ್ಲಿ ವಾಟ್ಸಾಪ್ ಸಂಸ್ಥೆ ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದೆ ಕಳಿಸಬಹುದೆಂದು ಕಟ್ಟು ಮಾಡಿತು. ಆದರೆ ಒಬ್ಬರ ಪ್ರಾಣಕ್ಕೆ ಎರವಾಗಲು ಒಂದೇ ಸಾಕು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಇದನ್ನೇ. ಈ ಮೇಜಿನ ಮೇಲೆ ಕನ್ನಡ ಪತ್ರಿಕೆಯೂ ಇದೆ, ತಮಿಳು ಪತ್ರಿಕೆಯೂ ಇದೆ. ಮನಸ್ಸು ಕಲಕುವ ಚಿತ್ರ ಬಂದ ದಿನ ದಯವಿಟ್ಟು ಇಲ್ಲಿಗೆ ಬನ್ನಿ; ಎರಡನ್ನೂ ಓದಿ, ಓದಲು ಬಾರದವರಿಗೆ ಓದಿ ಹೇಳಿ. ಬಾಗಿಲು ತೆರೆದಿಡುವ ಕೆಲಸ ನಮ್ಮದು.