ಹಳೆಯ ದೋಣಿ ತೊಳೆಯುವಾಗ ಕಂಡದ್ದು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನೀಗ ಇರುವುದು ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ. ಹಾಯಿದೋಣಿಗಳ ನಗರವೆಂದೇ ಅದಕ್ಕೆ ಹೆಸರು. ಕಳೆದ ವರ್ಷ ಅಲ್ಲಿ 26 ಅಡಿ ಉದ್ದದ ಹಳೆಯ ಫೈಬರ್‌ಗ್ಲಾಸ್ ಹಾಯಿದೋಣಿಯೊಂದನ್ನು ಕೊಂಡೆ. ವಯಸ್ಸಿನಲ್ಲಿ ಅದು ನಮ್ಮ ಶಾಲೆಯ ವಾರಗೆಯದು. ಹೆಂಡತಿ, ಮಗಳನ್ನು ಕೂರಿಸಿಕೊಂಡು ಸಮುದ್ರಕ್ಕೆ ಇಳಿಯುವ ಮೊದಲು ಮೂರು ವಾರ ಅದನ್ನು ದಡದಲ್ಲಿಟ್ಟು ತೊಳೆದೆ.

ದೋಣಿ ದಡಕ್ಕೆಳೆದು ತಳ ಉಜ್ಜುವುದು ನಿಮಗೇನೂ ಹೊಸದಲ್ಲ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ನಮ್ಮ ಕಡಲತೀರದಲ್ಲಿ ನಡೆಯುವುದು ಅದೇ ಕೆಲಸ. ತಳದ ಬಣ್ಣದಲ್ಲಿ ತಾಮ್ರದ ವಿಷವಿರುತ್ತದೆ. ಆದ್ದರಿಂದ ಮಾಸ್ಕ್ ಕಟ್ಟಿಕೊಂಡು, ನೀರು ಹಾಕಿಯೇ ಉಜ್ಜಬೇಕು. ಪಾಚಿ, ಚಿಪ್ಪು ಹೋದ ಮೇಲೆ ಹಲಸಿನಕಾಯಿ ತಟ್ಟಿ ನೋಡುವಂತೆ ಸಣ್ಣ ಸುತ್ತಿಗೆಯಿಂದ ಅಂಗುಲ ಅಂಗುಲವೂ ತಟ್ಟಿದೆ. ಗಟ್ಟಿ ಇದ್ದಲ್ಲಿ ಸ್ವರ ಸ್ಪಷ್ಟ. ಪದರ ಬಿಟ್ಟಲ್ಲಿ, ಒಳಗೆ ನೀರು ಕುಡಿದಲ್ಲಿ ಸ್ವರ ಮಂಕು.

ಕೂವೆಮರವನ್ನು ಹಿಡಿದಿಡುವ ಉಕ್ಕಿನ ತಂತಿಹಗ್ಗಗಳನ್ನು ಬಟ್ಟೆಯಿಂದ ಒರೆಸಿದೆ. ಒಂದೇ ಒಂದು ಎಳೆ ತುಂಡಾಗಿದ್ದರೂ ನೂಲು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಸವರಿದರೆ ಬೆರಳು ಸೀಳುತ್ತದೆ. ತಳದಲ್ಲಿ ನಿಂತ ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡಿದೆ. ಉಪ್ಪಿದ್ದರೆ ಸಮುದ್ರ ಒಳಗೆ ಬರುತ್ತಿದೆ ಎಂದರ್ಥ. ಸಪ್ಪೆಯಾದರೆ ಮಳೆ ನೀರು, ಇಲ್ಲವೇ ಟ್ಯಾಂಕಿನದು. ಅದು ಉಪ್ಪಾಗಿತ್ತು.

ನೀರಿನ ಮಟ್ಟಕ್ಕಿಂತ ಕೆಳಗೆ ನಾಲ್ಕು ವಾಲ್ವ್‌ಗಳಿದ್ದವು. ಜಿಡ್ಡು ಒರೆಸಿದಾಗ ಮೂರು ಕಂಚಿನವು, ಒಂದು ಹಿತ್ತಾಳೆಯದು ಎಂದು ಗೊತ್ತಾಯಿತು. ಹಿತ್ತಾಳೆಯದರ ಮೈ ನಸುಗೆಂಪಾಗಿತ್ತು. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ ಎಂದು ವಿಜ್ಞಾನದ ಮಾಸ್ತರರು ಇದೇ ಶಾಲೆಯಲ್ಲಿ ಬರೆಸಿದ್ದರು. ಉಪ್ಪುನೀರಿನಲ್ಲಿ ಸತು ಕರಗಿಹೋಗಿ, ಟೊಳ್ಳು ತಾಮ್ರವಷ್ಟೇ ಉಳಿಯುತ್ತದೆ. ಆಕಾರ ಮಾತ್ರ ಮೊದಲಿನಂತೆಯೇ. ಮೆಲ್ಲಗೆ ಹೊಡೆದದ್ದಷ್ಟೇ, ವಾಲ್ವ್ ಬಿಸ್ಕತ್ತಿನಂತೆ ಮುರಿಯಿತು. ನಡುಗಡಲಲ್ಲಿ ಮುರಿದಿದ್ದರೆ ಒಂದು ಅಂಗುಲದ ಆ ತೂತೇ ಸಾಕಿತ್ತು, ನಾವು ಮೂವರೂ ಮುಳುಗಲು. ಈಗ ಅಲ್ಲಿ ಕಂಚಿನ ವಾಲ್ವ್ ಇದೆ. ನಾಲ್ಕರ ಪಕ್ಕದಲ್ಲೂ ಒಂದೊಂದು ಮರದ ಬೆಣೆ ಕಟ್ಟಿಟ್ಟಿದ್ದೇನೆ. ಎಲ್ಲೇ ಒಡೆದರೂ ಕೂಡಲೇ ಜಡಿಯಬಹುದು.

ಕೊಂಡ ದಿನ ದೋಣಿ ಹೊಳೆಯುತ್ತಿತ್ತು, ಹೊಸ ಬಣ್ಣವಿತ್ತು. ಹಳೆಯ ವಸ್ತುವಿನ ನಿಜ ಸ್ಥಿತಿ ಬಣ್ಣದಿಂದ ತಿಳಿಯುವುದಿಲ್ಲ. ಕೈಯಿಟ್ಟು ತೊಳೆದವನಿಗೇ ಅದು ತಿಳಿಯುವುದು.

ಮಹೋತ್ಸವಕ್ಕಾಗಿ ಶಾಲೆಗೆ ಬಣ್ಣ ಬಳಿಸಲು ನಾವೆಲ್ಲ ಹಣ ಕೂಡಿಸಿದ್ದೇವೆ. ನನ್ನದೊಂದು ವಿನಂತಿ. ಬಣ್ಣಕ್ಕೆ ಮೊದಲು ಒಂದು ಭಾನುವಾರ ಎಲ್ಲರೂ ಸೇರಿ ಶಾಲೆಯನ್ನು ತೊಳೆಯೋಣ. ಮಾಡಿನ ಪಕಾಸುಗಳನ್ನು ತಟ್ಟಿ ನೋಡೋಣ. ಕುಂಬಾದದ್ದು ಸಿಕ್ಕರೆ ಹಣ ಮೊದಲು ಅದಕ್ಕೆ ಹೋಗಲಿ. ಅದರ ಕೆಳಗೆ ಕೂರುವವರು ನಮ್ಮ ಮಕ್ಕಳು. ಏಣಿ ಹತ್ತಲು ನಾನು ಸಿದ್ಧ.